ಮೊದಲು ಆಸ್ಪತ್ರೆ ಗೊತ್ತುಮಾಡಿ, ಆಮೇಲೆ ತವರಿಗೆ ಹೋಗುವ ದಿನ

ಕುಬಸದ (ಸೀಮಂತದ) ಬ್ಲೌಸ್ ಹೊಲಿಸಲು ಬರುವ ಹೆಣ್ಣುಮಕ್ಕಳನ್ನು ನಾನು ಮೊದಲು ಕೇಳುವುದು ಒಂದೇ ಮಾತು: ‘ಎಷ್ಟನೇ ವಾರ?’ ಬಹಳ ಜನ ತಿಂಗಳು ಹೇಳುತ್ತಾರೆ. ‘ಏಳರಾಗ ಬಿದ್ದೈತ್ರಿ’ ಅನ್ನುತ್ತಾರೆ. ವಾರ ಎಷ್ಟು ಅಂದರೆ ಪಕ್ಕದಲ್ಲಿ ನಿಂತ ಅತ್ತೆಯ ಮುಖ ನೋಡುತ್ತಾರೆ.

ನಾನು ಧಾರವಾಡದಲ್ಲಿ ಹನ್ನೆರಡು ವರ್ಷದಿಂದ ಹೊಲಿಗೆ ಮಾಡುತ್ತಿದ್ದೇನೆ. ಡಾಕ್ಟರಲ್ಲ, ನರ್ಸ್ ಅಲ್ಲ. ಇಬ್ಬರು ಮಕ್ಕಳ ತಾಯಿ. ತವರು ರೋಣ ತಾಲೂಕಿನಲ್ಲಿ, ಮಲಪ್ರಭಾ ಹೊಳೆಯ ದಂಡೆಯ ಹಳ್ಳಿ. ಮೊದಲ ಬಸುರಿನಲ್ಲಿ ಈ ಎರಡು ಊರಿನ ನಡುವೆ ನನಗೆ ಬಹಳ ಮುಖ್ಯವಾದ ಒಂದು ಇಂಜೆಕ್ಷನ್ ತಪ್ಪಿತು. ಅದು ನಿಮಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಚೊಚ್ಚಲ ಬಸುರಿ ಒಂಬತ್ತು ತಿಂಗಳೂ ಒಂದೇ ಮನೆಯಲ್ಲಿ ಇರುವುದಿಲ್ಲ. ಗಂಡನ ಮನೆಯಲ್ಲಿ ಶುರು, ಕುಬಸ ಆದ ಮೇಲೆ ತವರು. ಅಲ್ಲೇ ಹೆರಿಗೆ, ಅಲ್ಲೇ ಬಾಣಂತನ. ಅವ್ವನ ಕೈ ಊಟ, ಅವ್ವನ ಕೈ ಎಣ್ಣೆನೀರು ಯಾರಿಗೆ ಬೇಡ ಹೇಳಿ? ಆದರೆ ಮಧ್ಯದಲ್ಲಿ ಡಾಕ್ಟರು ಬದಲಾಗುತ್ತಾರೆ, ಆಶಾ ಅಕ್ಕ ಬದಲಾಗುತ್ತಾರೆ, ಆಸ್ಪತ್ರೆಯ ದಾರಿಯೂ ಬದಲಾಗುತ್ತದೆ. ಬಸುರಿನ ಯೋಜನೆಯಲ್ಲಿ ಜಾಸ್ತಿ ಯೋಚಿಸಬೇಕಾದ ಜಾಗ ಇದು.

ವಾರದ ಲೆಕ್ಕ

ಕೊನೆಯ ಮುಟ್ಟು ಶುರುವಾದ ಮೊದಲ ದಿನ ಹಿಡಿಯಿರಿ. ಅದಕ್ಕೆ 9 ತಿಂಗಳು 7 ದಿನ ಸೇರಿಸಿ. ನನ್ನ ಮೊದಲ ಸಲದ್ದು 2018ರ ಡಿಸೆಂಬರ್ 14. ಹಾಗಾಗಿ ಹೆರಿಗೆಯ ಅಂದಾಜು ದಿನ 2019ರ ಸೆಪ್ಟೆಂಬರ್ 21. ಒಟ್ಟು ಸುಮಾರು 280 ದಿನ, ಅಂದರೆ 40 ವಾರ. ನಮ್ಮ ಅಜ್ಜಿ ‘ಒಂಬತ್ತು ತಿಂಗಳು ಒಂಬತ್ತು ದಿನ’ ಅನ್ನುತ್ತಿದ್ದಳು. ಡಾಕ್ಟರ ಲೆಕ್ಕಕ್ಕೂ ಅವಳ ಲೆಕ್ಕಕ್ಕೂ ಎರಡೇ ದಿನದ ವ್ಯತ್ಯಾಸ ಅಂತ ತಿಳಿದಾಗ ನನಗೆ ಬಹಳ ಖುಷಿಯಾಯಿತು.

ಮುಟ್ಟು 28 ದಿನಕ್ಕೆ ಸರಿಯಾಗಿ ಬರುವವರಿಗೆ ಈ ಲೆಕ್ಕ ಹೊಂದುತ್ತದೆ. ಹಿಂದೆಮುಂದೆ ಆಗುವವರು ಮೊದಲ ಮೂರು ತಿಂಗಳ ಒಳಗಿನ ಸ್ಕ್ಯಾನ್ ಹೇಳುವ ದಿನವನ್ನೇ ನಂಬಬೇಕು. ಆಮೇಲಿನ ಸ್ಕ್ಯಾನ್‌ಗಳಲ್ಲಿ ದಿನ ಸ್ವಲ್ಪ ಬೇರೆ ಬಂದರೆ ಗಾಬರಿ ಬೇಡ. ಮೊದಲಿನದೇ ಗಟ್ಟಿ. ಆ ದಿನವೇ ಕೂಸು ಹುಟ್ಟುತ್ತದೆ ಅಂತಲೂ ಕಾಯಬೇಡಿ. ನೂರರಲ್ಲಿ ನಾಲ್ಕೈದು ಮಕ್ಕಳು ಮಾತ್ರ ಹೇಳಿದ ದಿನ ಹುಟ್ಟುತ್ತವೆ. 37 ವಾರ ತುಂಬಿದ ಮೇಲೆ ಯಾವತ್ತಾದರೂ ತಯಾರಿರಬೇಕು.

ಎರಡನೇ ಸಲ ನನ್ನ ಅಳತೆ ಪುಸ್ತಕದಲ್ಲೇ ಒಂದು ಪುಟ ಬಿಟ್ಟು 1ರಿಂದ 40ರವರೆಗೆ ಸಾಲಾಗಿ ಬರೆದೆ. ಪ್ರತಿ ವಾರದ ಮುಂದೆ ತಾರೀಖು. ಯಾವ ವಾರ ಯಾವ ಪರೀಕ್ಷೆ ಅಂತ ಕೆಂಪು ಪೆನ್ನಿನಲ್ಲಿ ಗುರುತು. ಐದು ರೂಪಾಯಿ ನೋಟ್‌ಬುಕ್ ಸಾಕು. ಹೋದಲ್ಲೆಲ್ಲ ಅದು ನಿಮ್ಮ ಚೀಲದಲ್ಲಿ ಇರಬೇಕು ಅಷ್ಟೇ.

ಮೊದಲ 12 ವಾರ

ಕೂಸಿನ ಮೆದುಳು, ಬೆನ್ನುಹುರಿಯ ಬುನಾದಿ ಸುಮಾರು 6ನೇ ವಾರಕ್ಕೆ ಆಗಿಬಿಡುತ್ತದೆ. ಎಷ್ಟೋ ಜನರಿಗೆ ಆಗಿನ್ನೂ ಬಸುರು ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಫೋಲಿಕ್ ಆಸಿಡ್ ಮಾತ್ರೆಯನ್ನು ಮಗು ಬೇಕು ಅಂದುಕೊಂಡ ದಿನದಿಂದಲೇ ಶುರು ಮಾಡಬೇಕು, ದಿನಕ್ಕೆ 400 ಮೈಕ್ರೋಗ್ರಾಂ. ಮೂರ್ಛೆ ರೋಗ, ಥೈರಾಯಿಡ್, ಸಕ್ಕರೆ ಕಾಯಿಲೆಗೆ ನೀವು ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ನೀವಾಗಿ ನಿಲ್ಲಿಸಬೇಡಿ.

12 ವಾರ ತುಂಬುವ ಮೊದಲು ಹೆಸರು ನೋಂದಾಯಿಸಿ, ಬಸುರಿನ ತಪಾಸಣೆ, ಲಸಿಕೆ ಎಲ್ಲ ಬರೆದಿಡುವ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ‘ಮೂರು ತಿಂಗಳು ಯಾರಿಗೂ ಹೇಳಬಾರದು’ ಅನ್ನುವ ಪದ್ಧತಿ ನೆಂಟರಿಗೆ ಇರಲಿ. ಆಶಾ ಅಕ್ಕನಿಗೆ, ಎಎನ್‌ಎಂ (ಸರ್ಕಾರಿ ಆರೋಗ್ಯ ಸಹಾಯಕಿ) ಸಿಸ್ಟರಿಗೆ ಹೇಳಲೇಬೇಕು. ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ, ಮೂತ್ರ ಪರೀಕ್ಷೆ ಎಲ್ಲ ಈ ಹೊತ್ತಿಗೇ ಆಗುತ್ತವೆ. ಧನುರ್ವಾಯುವಿನ ಟಿಡಿ ಲಸಿಕೆ ನೋಂದಣಿ ದಿನ ಒಂದು, ನಾಲ್ಕು ವಾರ ಬಿಟ್ಟು ಇನ್ನೊಂದು. ರಕ್ತದ ಗುಂಪು ನಿಮ್ಮದಷ್ಟೇ ಅಲ್ಲ, ಯಜಮಾನರದ್ದೂ ಬರೆದಿಟ್ಟುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ವಾಂತಿ ಸಾಮಾನ್ಯವಾಗಿ 6ನೇ ವಾರದ ಸುಮಾರಿಗೆ ಶುರುವಾಗಿ 12ರಿಂದ 16ರ ಒಳಗೆ ಕಡಿಮೆಯಾಗುತ್ತದೆ. ನನಗೆ ಕೈಹಿಡಿದದ್ದು ಕಡಕ್ ರೊಟ್ಟಿ. ತಲೆದಿಂಬಿನ ಹತ್ತಿರ ಡಬ್ಬಿಯಲ್ಲಿ ಇಟ್ಟುಕೊಂಡು, ಏಳುವ ಮೊದಲೇ ಒಂದು ತುಂಡು ಮುರಿದು ನಿಧಾನ ಅಗಿಯುತ್ತಿದ್ದೆ. ಹತ್ತು ನಿಮಿಷ ಬಿಟ್ಟು ಏಳುತ್ತಿದ್ದೆ. ಚುರುಮರಿಯೂ ನಡೆಯುತ್ತದೆ. ಒಗ್ಗರಣೆ ವಾಸನೆ ಆಗದಿದ್ದರೆ ಅಡುಗೆಮನೆ ಬಿಡಿ, ಯಾರಾದರೂ ಮಾಡುತ್ತಾರೆ. ನೀರೂ ನಿಲ್ಲದೆ, ಮೂತ್ರ ಗಾಢ ಹಳದಿಯಾದರೆ ಮಾತ್ರ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಿ. ರಕ್ತ ಕಂಡರೆ, ಹೊಟ್ಟೆಯ ಒಂದು ಬದಿ ಜೋರಾಗಿ ನೋಯುತ್ತಿದ್ದರೆ, ತಲೆ ತಿರುಗಿ ಬಿದ್ದರೆ ಅವತ್ತೇ ಹೋಗಬೇಕು. ಬೆಳಗಾಗಲಿ ಅಂತ ಕಾಯಬೇಡಿ.

ನಡುವಿನ ತಿಂಗಳು

ಮೈ ಹಗುರ, ಊಟ ಸೇರುತ್ತದೆ. ಮಾಡಬೇಕಾದ ಕೆಲಸಗಳನ್ನೆಲ್ಲ ಮಾಡಿ ಮುಗಿಸಲು ಒಳ್ಳೆಯ ಕಾಲ ಇದು.

18ರಿಂದ 20ನೇ ವಾರದ ಸ್ಕ್ಯಾನ್ ತಪ್ಪಿಸಬೇಡಿ. ಕೂಸಿನ ಹೃದಯ, ಬೆನ್ನೆಲುಬು, ಕಿಡ್ನಿ, ಕೈಕಾಲು ಎಲ್ಲ ಒಂದೊಂದಾಗಿ ನೋಡುತ್ತಾರೆ. ಗಂಡೋ ಹೆಣ್ಣೋ ಅಂತ ಕೇಳುವುದು, ಹೇಳುವುದು ಎರಡೂ 1994ರ ಕಾಯ್ದೆ ಪ್ರಕಾರ ಅಪರಾಧ. ಮನೆಯಲ್ಲಿ ಯಾರಾದರೂ ಕೇಳಲು ಒತ್ತಾಯಿಸಿದರೆ ಗಟ್ಟಿಯಾಗಿ ಬೇಡ ಅನ್ನಿ. ಕೂಸಿನ ಮಿಸುಕಾಟವೂ ಚೊಚ್ಚಲಿಗೆ ಈ ಹೊತ್ತಿಗೇ ತಿಳಿಯುತ್ತದೆ. ನನಗೆ ಮಷೀನ್ ತುಳಿಯುತ್ತ ಕೂತಾಗ ತಿಳಿಯಿತು. ಕಾಲು ನಿಲ್ಲಿಸಿ ಹಾಗೇ ಕೂತುಬಿಟ್ಟೆ.

ಕಬ್ಬಿಣಾಂಶದ ಮಾತ್ರೆ ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕಡಿಮೆ ಅಂದರೂ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಡಾಕ್ಟರು ಹೆಚ್ಚು ಕೊಡುತ್ತಾರೆ. ಮಲ ಕಪ್ಪಾಗುತ್ತದೆ, ಹೆದರಬೇಡಿ. ನಮ್ಮ ಮಂದಿಗೆ ಇಲ್ಲಿ ದೊಡ್ಡ ತೊಡಕು ಚಹಾ. ಚಹಾದ ಜೊತೆ ನುಂಗಿದ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಅಷ್ಟೇ. ನಾನು ಕ್ಯಾಲ್ಸಿಯಂ ಅನ್ನು ಬೆಳಿಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ, ಕಬ್ಬಿಣದ್ದನ್ನು ರಾತ್ರಿ ಮಲಗುವ ಮೊದಲು ನಿಂಬೆನೀರಿನ ಜೊತೆ ತೆಗೆದುಕೊಳ್ಳುತ್ತಿದ್ದೆ.

ಊಟದ ವಿಷಯದಲ್ಲಿ ನಮಗೆ ಹೊರಗಿನಿಂದ ತರಬೇಕಾದದ್ದು ಬಹಳ ಇಲ್ಲ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಹೆಸರುಕಾಳು ಪಲ್ಯ, ಮೆಂತ್ಯೆ ಪಲ್ಯ, ಅಗಸಿ ಚಟ್ನಿ, ಶೇಂಗಾ ಚಟ್ನಿ, ಮೊಸರು. ಮೊಟ್ಟೆ ತಿನ್ನುವವರಾದರೆ ಚೆನ್ನಾಗಿ ಬೆಂದ ಮೊಟ್ಟೆ. ‘ಎರಡು ಜೀವ, ಎರಡು ಪಾಲು ಉಣ್ಣು’ ಅನ್ನುವುದು ಪ್ರೀತಿಯ ಮಾತು, ಲೆಕ್ಕದ ಮಾತಲ್ಲ. ಈ ತಿಂಗಳುಗಳಲ್ಲಿ ಜಾಸ್ತಿ ಬೇಕಾಗುವುದು ದಿನಕ್ಕೆ ಸುಮಾರು 350 ಕ್ಯಾಲೊರಿ. ಒಂದು ರೊಟ್ಟಿ, ಒಂದು ಬಟ್ಟಲು ಕಾಳುಪಲ್ಯ, ಒಂದು ಲೋಟ ಹಾಲು ಅಂದುಕೊಳ್ಳಿ. ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಊಟವಿದೆ, ನಾಚಿಕೆಪಟ್ಟು ಬಿಡಬೇಡಿ.

24ರಿಂದ 28ನೇ ವಾರದಲ್ಲಿ ಸಕ್ಕರೆ ಪರೀಕ್ಷೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸು ಬಿಟ್ಟು ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಊಟದ ಪಥ್ಯ ಶುರು. ‘ನಮ್ಮ ಮನೆತನದಾಗ ಯಾರಿಗೂ ಶುಗರ್ ಇಲ್ಲ’ ಅಂತ ಬಿಡಬೇಡಿ. ಬಸುರಿನಲ್ಲಿ ಹೊಸದಾಗಿ ಬರಬಹುದು.

ಒಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹತ್ತಿರ. ತಪಾಸಣೆಗೆ ಹೋದಾಗ ಸಿಸ್ಟರ್ ಟೇಪ್ ತೆಗೆದರು. ದಿನಾ ನನ್ನ ಕೊರಳಲ್ಲಿ ಜೋತಾಡುವಂಥದ್ದೇ ಟೇಪ್! ಹೊಟ್ಟೆಯ ಕೆಳಗಿನ ಎಲುಬಿನಿಂದ ಗರ್ಭಚೀಲದ ಮೇಲ್ತುದಿಯವರೆಗೆ ಅಳೆದರು. 24ನೇ ವಾರಕ್ಕೆ 24 ಸೆಂಟಿಮೀಟರ್. 20ರಿಂದ 36ನೇ ವಾರದವರೆಗೆ ವಾರ ಎಷ್ಟೋ ಸೆಂಟಿಮೀಟರೂ ಹೆಚ್ಚುಕಡಿಮೆ ಅಷ್ಟೇ, ಎರಡು ಅತ್ತಿತ್ತ. ಜಾಸ್ತಿ ವ್ಯತ್ಯಾಸ ಬಂದರೆ ಸ್ಕ್ಯಾನ್ ಮಾಡಿಸುತ್ತಾರೆ. ಮನೆಯಲ್ಲಿ ನೀವೇ ಅಳೆಯಬೇಡಿ, ಮೇಲ್ತುದಿ ಎಲ್ಲಿ ಅಂತ ಗುರುತಿಸಲು ಅನುಭವದ ಕೈ ಬೇಕು. ಆದರೆ ಅಳತೆ ಎಷ್ಟು ಬಂತು ಅಂತ ಕೇಳಿ ಬರೆದುಕೊಳ್ಳಿ. ವಾರ ಸರಿಯಾಗಿ ಗೊತ್ತಿದ್ದರೆ ಮಾತ್ರ ಆ ಅಳತೆಗೆ ಅರ್ಥ.

ಕುಬಸ, ಮತ್ತು ಊರು ಬದಲಿಸುವುದು

2019ರ ಜೂನ್ 27ಕ್ಕೆ ನನ್ನ ಕುಬಸ. ಹಸಿರು ಸೀರೆ, ಹಸಿರು ಬಳೆ, ತವರಿಂದ ಐದು ಬುಟ್ಟಿ ಬುತ್ತಿ. ಉಡಿ ತುಂಬಿ, ಅವತ್ತೇ ಸಂಜೆ ಅವ್ವನ ಜೊತೆ ಹೊರಟೆ. ಮರುದಿನ 28 ವಾರ ತುಂಬುತ್ತಿತ್ತು. ಆ ದಿನಕ್ಕೆ ಡಾಕ್ಟರು ಒಂದು ಇಂಜೆಕ್ಷನ್ ಬರೆದಿದ್ದರು. ಯಾಕೆ ಅಂತ ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ‘ಊರಾಗ ಮಾಡಿಸಿದರಾತು’ ಅಂದೆ. ತಾಯಿ ಕಾರ್ಡ್ ಧಾರವಾಡದ ಅಲಮಾರಿನಲ್ಲೇ ಉಳಿಯಿತು.

ಆಗಸ್ಟ್ ಎರಡನೇ ವಾರ ಮಲಪ್ರಭೆಗೆ ನೆರೆ ಬಂತು. ನವಿಲುತೀರ್ಥದ ಡ್ಯಾಂನಿಂದ ನೀರು ಬಿಟ್ಟಿದ್ದರು, ಹೊಳೆ ಊರೊಳಗೆ ಬಂತು. ನನಗೆ 34ನೇ ವಾರ. ಟ್ರ್ಯಾಕ್ಟರಿನಲ್ಲಿ ಕೂರಿಸಿ ಎತ್ತರಕ್ಕೆ ತಂದರು, ಅಲ್ಲಿಂದ ಗದಗಿನ ಚಿಕ್ಕವ್ವನ ಮನೆ. ಎರಡು ದಿನ ಬಿಟ್ಟು ಅಲ್ಲಿನ ಡಾಕ್ಟರಮ್ಮನಿಗೆ ತೋರಿಸಿದಾಗ ಕೇಳಿದರು: ‘ನಿಮ್ಮದು ಓ ನೆಗೆಟಿವ್. 28ರ ಇಂಜೆಕ್ಷನ್ ಆಯ್ತಾ?’ ಕಾರ್ಡ್ ಇಲ್ಲ, ಇಂಜೆಕ್ಷನ್ ಇಲ್ಲ. ಅವ್ವ ನನ್ನ ಕೈ ಹಿಡಿದು ಅಳುತ್ತ ಕೂತಳು.

ತಾಯಿಯ ರಕ್ತ ನೆಗೆಟಿವ್, ಗಂಡನದು ಪಾಸಿಟಿವ್ ಇದ್ದರೆ ಕೂಸಿನದು ಪಾಸಿಟಿವ್ ಆಗಬಹುದು. ಕೂಸಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಿದರೂ ತಾಯಿಯ ಮೈ ಅದನ್ನು ಹೊರಗಿನದು ಅಂತ ತಿಳಿದು ಅದರ ವಿರುದ್ಧ ಪ್ರತಿಕಾಯ ತಯಾರು ಮಾಡುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಮುಂದಿನ ಮಗುವಿನ ರಕ್ತಕಣಗಳನ್ನು ಆ ಪ್ರತಿಕಾಯ ಒಡೆಯುತ್ತದೆ. ಅದನ್ನು ತಡೆಯುವುದು ಆಂಟಿ-ಡಿ ಇಂಜೆಕ್ಷನ್. 28ನೇ ವಾರಕ್ಕೆ ಒಂದು, ಕೂಸು ಪಾಸಿಟಿವ್ ಅಂತಾದರೆ ಹೆರಿಗೆಯಾದ 72 ತಾಸಿನ ಒಳಗೆ ಇನ್ನೊಂದು. ನಡುವೆ ರಕ್ತಸ್ರಾವ ಆದರೆ, ಗರ್ಭಪಾತ ಆದರೆ ಆಗಲೂ ಬೇಕಾಗಬಹುದು, ಕೇಳಿ. ನನಗೆ ರಕ್ತ ಪರೀಕ್ಷೆ ಮಾಡಿ, ಪ್ರತಿಕಾಯ ಇನ್ನೂ ಆಗಿಲ್ಲ ಅಂತ ನೋಡಿ, ತಡವಾಗಿಯಾದರೂ ಕೊಟ್ಟರು. ಮಗಳು ಹುಟ್ಟಿದ ಮೇಲೆ ಮತ್ತೆ ಕೊಟ್ಟರು. 2024ರಲ್ಲಿ ಮಗ ಹುಟ್ಟುವವರೆಗೂ ಆ ಭಯ ನನ್ನ ಜೊತೆಗೇ ಇತ್ತು.

ಹಾಗಾಗಿ ಕೇಳಿ. ಕುಬಸದ ದಿನ ಹಿಡಿಯುವ ಮೊದಲು ಆ ವಾರದ ಸಾಲು ನೋಡಿ. ಪರೀಕ್ಷೆ, ಇಂಜೆಕ್ಷನ್ ಏನಾದರೂ ಇದ್ದರೆ ಮುಗಿಸಿ ಹೊರಡಿ. ಅದಕ್ಕೂ ಮೊದಲು ಹೆರಿಗೆ ಯಾವ ಆಸ್ಪತ್ರೆಯಲ್ಲಿ ಅಂತ ತೀರ್ಮಾನ ಆಗಿರಲಿ. ಬಿಪಿ, ಶುಗರ್, ಅವಳಿ, ಹಿಂದೆ ಸಿಸೇರಿಯನ್, ರಕ್ತಹೀನತೆ, ನೆಗೆಟಿವ್ ಗುಂಪು, ಇದರಲ್ಲಿ ಒಂದಿದ್ದರೂ ರಕ್ತನಿಧಿ ಮತ್ತು ಎಳೆಕೂಸುಗಳ ಐಸಿಯು ಇರುವ ಜಾಗಕ್ಕೇ ಹೋಗುವುದು ಒಳ್ಳೆಯದು. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಗದಗಿನ ಜಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ ಉಚಿತ. ಏನೂ ತೊಡಕಿಲ್ಲದವರಿಗೆ ತಾಲೂಕು ಆಸ್ಪತ್ರೆ ಸಾಕು. ಆಸ್ಪತ್ರೆಯಿಂದ ತವರು ಎಷ್ಟು ದೂರ, ರಾತ್ರಿ ಹೊತ್ತು ಎಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಿ ಯಾವ ಹಳ್ಳ ದಾಟಬೇಕು ನೋಡಿ. ನವಲಗುಂದ, ರೋಣದ ಕಡೆಯವರಿಗೆ ಬೆಣ್ಣೆಹಳ್ಳ ತುಂಬಿದರೆ ರಸ್ತೆಯೇ ಇಲ್ಲ ಅಂತ ನಾನು ಹೇಳಬೇಕಿಲ್ಲ. ತವರು ದೂರವಾದರೆ ಕೊನೆಯ ಮೂರು ವಾರ ಊರಿನ ಬದಲು ಆಸ್ಪತ್ರೆ ಇರುವ ಪಟ್ಟಣದಲ್ಲಿ ನೆಂಟರ ಮನೆ ಹಿಡಿಯಿರಿ. ಇಲ್ಲವೇ ಅವ್ವನನ್ನೇ ಕರೆಸಿಕೊಳ್ಳಿ. ಎರಡನೇ ಸಲ ನಾನು ಅದನ್ನೇ ಮಾಡಿದೆ. ‘ಮಂದಿ ಏನಂತಾರ’ ಅಂತ ಅವ್ವ ಒಂದು ದಿನ ಅಂದಳು. ನೆರೆಯ ರಾತ್ರಿ ನೆನಪಿಸಿದೆ. ಮರುದಿನವೇ ಅಂಟಿನುಂಡಿಗೆ ಅಂಟು, ಉತ್ತತ್ತಿ ಕಟ್ಟಿಕೊಂಡು ಬಂದಳು.

ತವರಿಗೇ ಹೋಗುವುದಾದರೆ 34 ವಾರದ ಒಳಗೆ ಹೋಗಿ. ಮೊದಲು ಡಾಕ್ಟರನ್ನು ಕೇಳಿ. ಹುಬ್ಬಳ್ಳಿಯಿಂದ ಗದಗ, ಹೊಳೆಆಲೂರು ಕಡೆ ರೈಲಿದೆ. ಶೌಚಾಲಯ ಇರುತ್ತದೆ, ಎದ್ದು ಓಡಾಡಬಹುದು. ಬಸ್ಸಾದರೆ ಹಿಂದಿನ ಚಕ್ರದ ಮೇಲಿನ ಸೀಟು ಬೇಡ, ನಡುವಿನದು ಹಿಡಿಯಿರಿ. ಹೋದ ವಾರದಲ್ಲೇ ಅಲ್ಲಿನ ಆಶಾ ಅಕ್ಕನಿಗೆ ಕಾರ್ಡ್ ತೋರಿಸಿ. ಪ್ರತಿ ತಿಂಗಳು 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಉಚಿತವಾಗಿ ನೋಡುತ್ತಾರೆ. ಹೊಸ ಊರಿನ ಮೊದಲ ತಪಾಸಣೆಗೆ ಅದು ಒಳ್ಳೆಯ ದಿನ. ತಾಯಿ ಕಾರ್ಡ್, ಸ್ಕ್ಯಾನ್ ವರದಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಂದೇ ಚೀಲದಲ್ಲಿ. ಎಲ್ಲದರ ಫೋಟೊ ಯಜಮಾನರ ಫೋನಿನಲ್ಲೂ ಅವ್ವನ ಫೋನಿನಲ್ಲೂ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವ 5,000 ರೂಪಾಯಿ ಕಂತಿಗೂ ಈ ಕಾಗದಗಳೇ ಬೇಕು.

ಬ್ಲೌಸಿನ ಮಾತೂ ಒಂದು. ಕುಬಸದ ಬ್ಲೌಸಿಗೆ ಎರಡೂ ಬದಿ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲು ಹೇಳಿ, ಹುಕ್ಕು ಮುಂದೆ ಇರಲಿ. ಬಿಚ್ಚಿ ಸಡಿಲ ಮಾಡಿದರೆ ಹಾಲೂಡಿಸುವಾಗಲೂ ಅದೇ ಆಗುತ್ತದೆ. ಲಂಗದ ಲಾಡಿ ಹೊಟ್ಟೆಯ ಮೇಲೆ ಬಿಗಿಯಬೇಡಿ, ಕೆಳಗೆ ಕಟ್ಟಿ.

ಕೊನೆಯ ವಾರಗಳು

ಸಂಜೆ ಹೊತ್ತಿಗೆ ಪಾದ ಊದುವುದು ಬಹಳ ಜನರಿಗೆ ಇರುತ್ತದೆ. ಮುಖ, ಕೈ ಊದಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಬಿಪಿ ನೋಡಿಸಲೇಬೇಕು. 140/90 ಮುಟ್ಟಿದರೆ ಸುಮ್ನೆ ಕೂರುವ ಮಾತಿಲ್ಲ. ‘ದೃಷ್ಟಿ ಆಗೈತಿ’ ಅಂತ ಇಳಿ ತೆಗೆಯುವುದಿದ್ದರೆ ತೆಗೆಯಲಿ, ಗಾಡಿ ಮಾತ್ರ ಹೊರಡಲಿ.

28ನೇ ವಾರದ ನಂತರ ನಿಮ್ಮ ಕೂಸು ಯಾವ ಹೊತ್ತು ಜಾಸ್ತಿ ಆಡುತ್ತದೆ ಅಂತ ಗಮನವಿಡಿ. ಒಂದೊಂದು ಕೂಸಿಗೆ ಒಂದೊಂದು ರೂಢಿ. ಅದು ಕಡಿಮೆಯಾಯಿತು ಅನ್ನಿಸಿದರೆ ಅವತ್ತೇ ಆಸ್ಪತ್ರೆ. ‘ಹೆರಿಗೆ ಹತ್ತಿರ ಬಂದಾಗ ಕೂಸು ಸುಮ್ಮನಾಗುತ್ತದೆ’ ಅನ್ನುವುದನ್ನು ನಂಬಬೇಡಿ. ಮಲಗುವಾಗ ಒಂದು ಮಗ್ಗುಲಾಗಿ ಮಲಗಿ.

ಸುಳ್ಳು ಬ್ಯಾನಿ (ಹೆರಿಗೆ ನೋವು) ಬಂದು ಹೋಗುತ್ತದೆ, ಎದ್ದು ನಡೆದಾಡಿದರೆ ನಿಲ್ಲುತ್ತದೆ. ನಿಜವಾದ ಬ್ಯಾನಿ ಹತ್ತಿರ ಹತ್ತಿರವಾಗುತ್ತ, ಜೋರಾಗುತ್ತ ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ಒಂದು ತಾಸು ಬಂದರೆ ಹೊರಡಿ ಅನ್ನುವುದು ಪಟ್ಟಣದವರ ಲೆಕ್ಕ. ಆಸ್ಪತ್ರೆಗೆ ಒಂದು ತಾಸಿನ ದಾರಿ ಇರುವವರು ಅಷ್ಟು ಕಾಯಬಾರದು. ನೀರು ಹೋದರೆ, ರಕ್ತ ಹೋದರೆ ಬ್ಯಾನಿ ಇಲ್ಲದಿದ್ದರೂ ಹೊರಡಿ. 37 ವಾರದ ಮೊದಲೇ ಬ್ಯಾನಿ ಬಂದರೂ ಅಷ್ಟೇ.

108ಕ್ಕೆ ಫೋನ್ ಮಾಡುವಾಗ ಊರು, ತಾಲೂಕು, ಹತ್ತಿರದ ಗುಡಿ ಅಥವಾ ಶಾಲೆ ಹೇಳಿ. ಅದರ ಜೊತೆಗೆ ಊರಿನಲ್ಲಿ ರಾತ್ರಿ ಎಬ್ಬಿಸಿದರೂ ಬರುವ ಇಬ್ಬರು ಗಾಡಿಯವರ ನಂಬರ್ ಗೋಡೆಗೆ ಬರೆದಿಡಿ. ನೆಗೆಟಿವ್ ಗುಂಪಿನವರು ಅದೇ ಗುಂಪಿನ ಇಬ್ಬರು ರಕ್ತ ಕೊಡುವವರನ್ನು ಮೊದಲೇ ಮಾತಾಡಿಸಿಡಿ. ಎರಡನೇ ಸಲ ನನಗಾಗಿ ಹುಬ್ಬಳ್ಳಿಯ ಒಬ್ಬ ಹುಡುಗ ಹದಿನೈದು ದಿನ ಊರು ಬಿಟ್ಟು ಹೋಗಲಿಲ್ಲ. ರಕ್ತ ಬೇಕಾಗಲಿಲ್ಲ, ಆದರೂ ಆ ಋಣ ನನ್ನ ಮೇಲಿದೆ.

ಚೀಲ 35ನೇ ವಾರಕ್ಕೆ ತಯಾರಿರಲಿ. ಒಗೆದು ಬಿಸಿಲಿಗೆ ಒಣಗಿಸಿದ ಹಳೆ ಹತ್ತಿ ಸೀರೆಯ ತುಂಡು ಹತ್ತು, ಕುಂಚಿಗೆ, ಕೂಸಿಗೆ ಎರಡು ಅಂಗಿ, ನಿಮಗೆ ಮುಂದೆ ಹುಕ್ಕಿನ ಎರಡು ನೈಟಿ, ಪ್ಯಾಡು, ಚಾರ್ಜರ್, ಸ್ವಲ್ಪ ರೊಕ್ಕ. ಎಲ್ಲಕ್ಕಿಂತ ಮೇಲೆ ತಾಯಿ ಕಾರ್ಡ್ ಮತ್ತು ವಾರದ ಪುಸ್ತಕ. 40ನೇ ವಾರದ ಸಾಲಿನ ಕೆಳಗೆ ನಾನು ಇನ್ನೆರಡು ಸಾಲು ಬರೆದಿದ್ದೆ: ‘ಕೂಸಿನ ರಕ್ತದ ಗುಂಪು ಕೇಳು, 72 ತಾಸು.’ ‘42ನೇ ದಿನ ನನ್ನ ತಪಾಸಣೆ, ಕೂಸಿಗೆ ಆರು ವಾರದ ಲಸಿಕೆ.’ ಚೀಲವನ್ನು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿ, ಅದು ಎಲ್ಲಿದೆ ಅಂತ ಅತ್ತೆಗೂ ಮಗಳಿಗೂ ತೋರಿಸಿಟ್ಟೆ.